ಲಿಯಾ ಚೇಸ್ ಹಾದಿಯಲ್ಲಿ ಸೊಪ್ಪಿನ ಗಂಬೋ

ಗಂಬೋ ಅಂದರೆ ಸಿಗಡಿ, ಬೆಂಡೆಕಾಯಿ ಹಾಕಿದ ಗಟ್ಟಿ ಸಾರು ಅಂತಷ್ಟೇ ಅಮೆರಿಕಕ್ಕೆ ಬಂದ ನಮ್ಮಲ್ಲಿ ಹೆಚ್ಚಿನವರಿಗೆ ಗೊತ್ತು. ನಾನು ಮಾಡುವುದು ಸೊಪ್ಪಿನದು, ಗಂಬೋ ಜೆರ್ಬ್. ನ್ಯೂ ಆರ್ಲಿಯನ್ಸಿನಲ್ಲಿ ಈಸ್ಟರಿಗೆ ಮುಂಚಿನ ಗುರುವಾರದ ಅಡುಗೆ ಅದು. ಲಿಯಾ ಚೇಸ್ ಎಂಬ ಕಪ್ಪು ಮಹಿಳೆಯ ಕೈಯಲ್ಲಿ ಹೆಸರುವಾಸಿಯಾಯಿತು. ಮಂಡ್ಯದ ಕಡೆ ಬಸ್ಸಾರು ಉಂಡು ಬೆಳೆದವನು ನಾನು; ಸೊಪ್ಪು ಬೆಂದ ನೀರನ್ನು ಆಕೆಯೂ ಚೆಲ್ಲುತ್ತಿರಲಿಲ್ಲ ಎಂದು ಓದಿದಾಗಲೇ ಮಾಡಿ ನೋಡಬೇಕೆನಿಸಿತು.

ಲಿಯಾ ಹುಟ್ಟಿದ್ದು 1923ರಲ್ಲಿ. ಅವರ ಗಂಡನ ಮನೆಯವರು 1941ರಲ್ಲಿ ತೆರೆದ ‘ಡೂಕಿ ಚೇಸ್’ ಹೋಟೆಲಿನಲ್ಲಿ ಮೊದಲು ಸಿಗುತ್ತಿದ್ದದ್ದು ಸ್ಯಾಂಡ್‌ವಿಚ್, ಲಾಟರಿ ಟಿಕೆಟ್. ಊರಿನ ದೊಡ್ಡ ಹೋಟೆಲುಗಳು ಕಪ್ಪು ಜನರನ್ನು ಒಳಗೆ ಕೂರಿಸಿಕೊಳ್ಳದ ಕಾಲ. ಈ ಸೊಸೆ ಮೇಜಿಗೆ ಬಿಳಿ ಬಟ್ಟೆ ಹಾಸಿದರು, ಮುಂದೆ ಗೋಡೆ ತುಂಬ ಕಪ್ಪು ಕಲಾವಿದರ ಚಿತ್ರ ತೂಗುಹಾಕಿದರು. ನಾಗರಿಕ ಹಕ್ಕುಗಳ ಹೋರಾಟಗಾರರು, ಕರಿಯರು ಬಿಳಿಯರು ಒಟ್ಟಿಗೇ, ಕಾನೂನು ಒಪ್ಪದಿದ್ದರೂ ಅಲ್ಲಿನ ಮಹಡಿಯಲ್ಲಿ ಸೇರಿ ಗಂಬೋ ಉಣ್ಣುತ್ತ ಮುಂದೇನು ಮಾಡಬೇಕೆಂದು ಚರ್ಚಿಸುತ್ತಿದ್ದರು. 2005ರ ಕತ್ರೀನಾ ಚಂಡಮಾರುತದ ಪ್ರವಾಹದಲ್ಲಿ ಹೋಟೆಲು ಮುಳುಗಿತು. 80 ದಾಟಿದ್ದರೂ ಲಿಯಾ ಮತ್ತೆ ಒಲೆ ಹಚ್ಚಿದರು; ತೀರಿಕೊಂಡದ್ದು 2019ರಲ್ಲಿ. ಕ್ರಿಯೋಲ್ ಅಡುಗೆ, ಅಂದರೆ ನ್ಯೂ ಆರ್ಲಿಯನ್ಸಿನ ಈ ಅಡುಗೆ, ಫ್ರೆಂಚರದ್ದು ಅನ್ನುವವರನ್ನು ಈಗಲೂ ನೋಡುತ್ತೇನೆ. ಸೊಪ್ಪು, ಮಾಂಸ ಕೂಡಿಸಿ ಬೇಯಿಸುವ ಪಶ್ಚಿಮ ಆಫ್ರಿಕದ ಅಡುಗೆಯನ್ನು ಅವರು ಉಂಡಿರಲಾರರು.

ಸೊಪ್ಪಿನ ಬಗೆ ಬೆಸಸಂಖ್ಯೆಯಲ್ಲಿರಬೇಕು. ಎಷ್ಟು ಬಗೆ ಹಾಕುತ್ತೀರೋ ಆ ವರ್ಷ ಅಷ್ಟು ಹೊಸ ಗೆಳೆಯರು ಸಿಗುತ್ತಾರೆ ಅನ್ನುವ ನಂಬಿಕೆ ಅಲ್ಲಿದೆ. ನಾನು ಒಂಬತ್ತು ಹಾಕುತ್ತೇನೆ: ಕಾಲರ್ಡ್ (ಎಲೆಕೋಸಿನ ಜಾತಿಯ ಅಗಲ ಎಲೆಯ ಸೊಪ್ಪು), ಸಾಸಿವೆ ಸೊಪ್ಪು, ಟರ್ನಿಪ್, ಬೀಟ್‌ರೂಟ್, ಕ್ಯಾರೆಟ್‌ಗಳ ಸೊಪ್ಪು, ಪಾಲಕ್, ಎಲೆಕೋಸು, ಲೆಟ್ಯೂಸ್, ವಾಟರ್‌ಕ್ರೆಸ್. ಬೆರಕೆ ಸೊಪ್ಪು ಆರಿಸಿ ಅಭ್ಯಾಸವಿದ್ದವರಿಗೆ ಇದು ಕಷ್ಟವಲ್ಲ, ಆದರೆ ತೊಳೆಯುವುದರಲ್ಲಿ ಅವಸರ ಬೇಡ. ಕಾಲರ್ಡಿನ ಮಡಿಕೆಯಲ್ಲಿ ಮರಳು ಕೂತಿರುತ್ತದೆ. ಎಲ್ಲವನ್ನೂ ಈರುಳ್ಳಿ, ಬೆಳ್ಳುಳ್ಳಿ ಜೊತೆ ಮೆತ್ತಗಾಗುವ ತನಕ ಬೇಯಿಸಿ, ಬಸಿದು, ರುಬ್ಬಿಡುತ್ತೇನೆ. ಬಸಿದ ಕಟ್ಟಿನಲ್ಲೇ ಹೊಗೆಯಾಡಿಸಿದ ಸಾಸೇಜ್, ಹ್ಯಾಮ್, ದನದ ಮಾಂಸದ ತುಂಡು ಬೇಯಲು ಇಡುತ್ತೇನೆ. ಬಸ್ಸಾರಿನಲ್ಲಿ ಸೊಪ್ಪು ಪಲ್ಯಕ್ಕೆ, ಕಟ್ಟು ಸಾರಿಗೆ ಅಂತ ಬೇರೆಯಾಗುತ್ತವೆ; ಇಲ್ಲಿ ಎರಡೂ ತಿರುಗಿ ಒಂದಾಗುತ್ತವೆ.

ನನಗೆ ತುಂಬ ಹಿಡಿಸಿದ್ದು ಆಮೇಲಿನ ಕೆಲಸ. ಲಿಯಾ ಬಳಸುತ್ತಿದ್ದದ್ದು ಶೋರೀಸ್ ಎಂಬ ಖಾರದ ಹಂದಿಮಾಂಸದ ಸಾಸೇಜ್. ನಮ್ಮ ಅಂಗಡಿಯಲ್ಲಿ ಅದಿಲ್ಲ, ಇರುವುದರಲ್ಲಿ ಖಾರವಾದದ್ದು ತರುತ್ತೇನೆ. ಅದನ್ನು ಹುರಿದು ಎತ್ತಿಟ್ಟು, ಬಾಣಲೆಯಲ್ಲಿ ಉಳಿದ ಜಿಡ್ಡಿಗೆ ಮೈದಾ ಹಾಕಿ ಐದು ನಿಮಿಷ ಕೈಯಾಡಿಸಬೇಕು. ಹಿಟ್ಟಿನ ಹಸಿವಾಸನೆ ಹೋದರೆ ಸಾಕು. ಬೇರೆ ಗಂಬೋಗಳಂತೆ ಕಂದು ಬಣ್ಣ ಬರುವ ತನಕ ಹುರಿದರೆ ಸೊಪ್ಪಿನ ರುಚಿ ಅಡಗಿಹೋಗುತ್ತದೆ. ಹಿಟ್ಟು, ರುಬ್ಬಿದ ಸೊಪ್ಪು, ಕಟ್ಟಿನ ಸಮೇತ ಮಾಂಸ, ಹುರಿದ ಸಾಸೇಜ್ ಕೂಡಿ ಸಣ್ಣ ಉರಿಯಲ್ಲಿ ಒಂದು ಗಂಟೆ ಕುದಿಯಲಿ. ಉಪ್ಪು, ಥೈಮ್, ಮೆಣಸಿನಪುಡಿ. ಮಸಾಲೆ ಇಷ್ಟೇ. ಧನಿಯಾ ಹಾಕಬೇಕೆನಿಸಿದರೆ ಬೆರಕೆ ಸಾರನ್ನೇ ಮಾಡಿಕೊಳ್ಳಿ, ಇದನ್ನು ಕೆಡಿಸಬೇಡಿ.

ಕೊನೆಗೆ ಸಾರನ್ನು ಗಟ್ಟಿ ಮಾಡುವ ಫಿಲೆ ಪುಡಿ. ಸಾಸಾಫ್ರಾಸ್ ಮರದ ಎಲೆ ಒಣಗಿಸಿ ಪುಡಿ ಮಾಡಿದ್ದು, ಅಲ್ಲಿನ ಮೂಲನಿವಾಸಿ ಚಾಕ್ಟಾ ಜನರಿಂದ ಬಂದದ್ದು. ಒಲೆ ಆರಿಸಿದ ಮೇಲೆಯೇ ಹಾಕಬೇಕು. ಕುದಿಸಿದರೆ ಲೋಳೆ ಎಳೆಯೆಳೆಯಾಗುತ್ತದೆ. ಊಟದ ಮೇಜಿನಲ್ಲಿ ಹಾಟ್ ಸಾಸ್ ಬಾಟಲಿ ಇಡುವುದಿಲ್ಲ. ಒಬಾಮಾ ಒಮ್ಮೆ ರುಚಿಯನ್ನೂ ನೋಡದೆ ಗಂಬೋಗೆ ಅದನ್ನು ಸುರಿದುಕೊಂಡಾಗ ಲಿಯಾ ಗದರಿದ್ದರಂತೆ, ನಮ್ಮ ಮನೆಯ ನೆಂಟರು ಯಾವ ಲೆಕ್ಕ.

ಅಲ್ಲಿ ಇದನ್ನು ಬಡಿಸುವುದು ಅನ್ನದ ಮೇಲೆ. ಮುದ್ದೆಗೂ ಆಗುತ್ತದೆ, ಆದರೆ ಫಿಲೆ ಬಿಟ್ಟು, ಒಂದು ಸೌಟು ಬಿಸಿನೀರು ಸೇರಿಸಿ ತೆಳ್ಳಗೆ ಮಾಡಿಕೊಳ್ಳಬೇಕು. ಇಲ್ಲದಿದ್ದರೆ ಮುದ್ದೆ ಗಂಟಲಲ್ಲಿ ಇಳಿಯದು.