ಸಮವಸ್ತ್ರದ ಜಗಳವನ್ನು ಮೇ ತಿಂಗಳಲ್ಲೇ ಮುಗಿಸಿಕೊಂಡ ಬಗೆ

ಬಾಗಲಕೋಟೆಯ ನವನಗರದ ನಮ್ಮ ಮನೆಯ ಮುಂದಿನ ಕೋಣೆಯಲ್ಲಿ ಹೊಲಿಗೆ ಮಷೀನ್ ಇಟ್ಟುಕೊಂಡು ಬಟ್ಟೆ ಹೊಲಿಯುವುದು ನನ್ನ ಕಸುಬು. ಮಗ ಹತ್ತನೆಯ ತರಗತಿಯಲ್ಲಿಯೂ ಮಗಳು ಎಂಟನೆಯ ತರಗತಿಯಲ್ಲಿಯೂ ಒಂದೇ ಅನುದಾನಿತ ಪ್ರೌಢಶಾಲೆಯಲ್ಲಿ ಓದುತ್ತಿದ್ದಾರೆ. ಹೀಗಾಗಿ ಬೆಳೆಯುವ ಮಕ್ಕಳ ಶಾಲೆಯ ಉಡುಪಿನ ತಕರಾರು ನನಗೆ ಎರಡು ಕಡೆಯಿಂದ ಕಾಣುತ್ತದೆ. ಮೇ ತಿಂಗಳ ಕೊನೆಗೆ ಶಾಲೆ ಶುರುವಾಗುವ ಹೊತ್ತಿನಲ್ಲಿ ತಾಯಂದಿರು ಬಟ್ಟೆಯ ಜೊತೆಗೆ ಮಕ್ಕಳನ್ನೂ ಕರೆದುಕೊಂಡು ಬಂದು, "ಸ್ವಲ್ಪ ಸಡ್ಲ ಹೊಲೀರಿ ಅಕ್ಕಾರ, ಮುಂದಿನ ವರ್ಷಕ್ಕೂ ಆಗಬೇಕು" ಎಂದು ಹೇಳಿ ಹೋಗುತ್ತಾರೆ. ಅದೇ ಸಂಜೆ ಮಗ ಅಥವಾ ಮಗಳು ಒಬ್ಬರೇ ಸೈಕಲ್ ಮೇಲೆ ಬಂದು, "ಆಂಟಿ, ಅವ್ವ ಹೇಳಿದ್ದು ಬ್ಯಾಡ್ರಿ, ಫಿಟ್ ಮಾಡ್ರಿ" ಎಂದು ಪಿಸುಗುಟ್ಟುತ್ತಾರೆ. ಇಬ್ಬರ ಮಾತನ್ನೂ ಕೇಳಿಸಿಕೊಂಡು ಹೊಲಿದ ಬಟ್ಟೆ ಇಬ್ಬರಿಗೂ ಒಪ್ಪಿಗೆಯಾಗದೆ ಜೂನ್ ತಿಂಗಳಲ್ಲಿ ಮತ್ತೆ ನನ್ನ ಮಷೀನಿಗೇ ಬರುತ್ತದೆ.

ಬೆಳಿಗ್ಗೆ ಡಬ್ಬಿ ಕಟ್ಟುವ ಗಡಿಬಿಡಿಯಲ್ಲಿ ಮಗನ ಪ್ಯಾಂಟನ್ನೋ ಮಗಳ ವೇಲನ್ನೋ ನೋಡಿ ಆಡಿದ ಮಾತಿನಿಂದ ಯಾವ ಉಡುಪೂ ಬದಲಾಗುವುದಿಲ್ಲ, ಏಕೆಂದರೆ ಆ ಹೊತ್ತಿಗೆ ಬಟ್ಟೆಗೆ ಕತ್ತರಿ ಬಿದ್ದು ಎಷ್ಟೋ ದಿನವಾಗಿರುತ್ತದೆ. ಆದ್ದರಿಂದ ನಾವು ಗಂಡ ಹೆಂಡತಿ ಮಾತಾಡಿಕೊಂಡು, ಉಡುಪಿನ ವಿಷಯದಲ್ಲಿ ಏನೇ ಹೇಳುವುದಿದ್ದರೂ ಮೇ ತಿಂಗಳಲ್ಲಿ ಅಳತೆ ತೆಗೆದುಕೊಳ್ಳುವಾಗ ಹೇಳಬೇಕು, ಕತ್ತರಿ ಹಾಕಿದ ಮೇಲೆ ಮುಂದಿನ ಮೇ ಬರುವವರೆಗೆ ಬಟ್ಟೆಯ ಬಿಗಿ, ಸಡಿಲು, ಉದ್ದಗಳ ಬಗ್ಗೆ ತುಟಿ ಬಿಚ್ಚಬಾರದು ಎಂದು ತೀರ್ಮಾನಿಸಿದೆವು. ಒಗೆದಿಲ್ಲ, ಇಸ್ತ್ರಿಯಿಲ್ಲ, ಗುಂಡಿ ಕಿತ್ತಿದೆ ಎಂಬ ಮಾತುಗಳಿಗೆ ಈ ಕಟ್ಟಳೆ ಅನ್ವಯಿಸುವುದಿಲ್ಲ. ಅವನ್ನು ಹೇಳುವ ಹಕ್ಕನ್ನು ನಾನು ಬಿಟ್ಟುಕೊಟ್ಟಿಲ್ಲ.

ಮೊದಲ ಕೆಲಸವಾಗಿ ಶಾಲೆಯ ಡೈರಿಯಲ್ಲಿ ಸಮವಸ್ತ್ರದ ಬಗ್ಗೆ ಏನಿದೆಯೋ ಅದನ್ನು ಮಕ್ಕಳಿಂದಲೇ ಗಟ್ಟಿಯಾಗಿ ಓದಿಸಿದೆ. ಅಂಗಿ ಇನ್‌ಶರ್ಟ್ ಮಾಡಬೇಕು, ಬೆಲ್ಟ್ ಮತ್ತು ಕಪ್ಪು ಬೂಟು ಬೇಕು, ಹುಡುಗಿಯರ ಚೂಡಿದಾರದ ಟಾಪ್ ಮೊಣಕಾಲು ಮುಟ್ಟಬೇಕು, ಎರಡು ಜಡೆಗೆ ರಿಬ್ಬನ್ ಕಟ್ಟಬೇಕು, ಶನಿವಾರ ಬಿಳಿ ಉಡುಪು ಎಂದಷ್ಟೇ ಅದರಲ್ಲಿತ್ತು. ಪ್ಯಾಂಟಿನ ಕೆಳಗಿನ ಅಗಲ ಇಷ್ಟೇ ಇರಬೇಕೆಂದು ಎಲ್ಲಿಯೂ ಇರಲಿಲ್ಲ. ಶಾಲೆಯ ನಿಯಮವೆಂದು ನಾವು ಹೇರುತ್ತಿದ್ದ ಅರ್ಧ ಸಂಗತಿಗಳು ನಮ್ಮ ಓಣಿಯವರು ಏನೆನ್ನುತ್ತಾರೋ ಎಂಬ ಅಂಜಿಕೆಯಿಂದ ಹುಟ್ಟಿದವು ಎಂಬುದು ಮಕ್ಕಳಿಗೆ ಗೊತ್ತಾಯಿತು. ಅವರಿಗೆ ಗೊತ್ತಾದದ್ದು ಒಳ್ಳೆಯದೇ ಆಯಿತು, ಏಕೆಂದರೆ ಡೈರಿಯಲ್ಲಿ ಇರುವುದರ ಬಗ್ಗೆ ಆಮೇಲೆ ಅವರು ಚೌಕಾಸಿ ಮಾಡಲಿಲ್ಲ.

ಮಗನಿಗೆ ಪೆನ್ಸಿಲ್ ಪ್ಯಾಂಟ್ ಬೇಕಾಗಿತ್ತು. ಕೆಳಗಿನ ಅಗಲ ಸುತ್ತಳತೆಯಲ್ಲಿ ಹನ್ನೊಂದು ಇಂಚು ಸಾಕು ಎಂದ. ಆಗಲಿ ಎಂದು ಟೇಪನ್ನು ಅವನ ಕೈಗೇ ಕೊಟ್ಟು, ಹಿಮ್ಮಡಿಯಿಂದ ಪಾದದ ಮೇಲ್ಭಾಗದವರೆಗೆ ಸುತ್ತಿ ನೋಡು ಎಂದೆ. ಹನ್ನೆರಡೂವರೆ ಇಂಚು ಬಂದಿತು. ಅಂಗಡಿಯಲ್ಲಿ ಸಿಗುವ ಬಿಗಿ ಜೀನ್ಸಿನಲ್ಲಿ ಲೈಕ್ರಾ ಬೆರೆತಿರುವುದರಿಂದ ಅದು ಹಿಗ್ಗಿ ಪಾದ ದಾಟುತ್ತದೆ, ಸಮವಸ್ತ್ರದ ಟೆರಿಕಾಟ್ ಬಟ್ಟೆಯಲ್ಲಿ ಹಾಗೆ ಹಿಗ್ಗುವ ನೂಲಿಲ್ಲ. ಹನ್ನೊಂದು ಇಂಚಿಗೆ ಹೊಲಿದರೆ ಪ್ಯಾಂಟು ಹಿಮ್ಮಡಿಯಲ್ಲಿಯೇ ಸಿಕ್ಕಿಬೀಳುತ್ತದೆ ಎಂಬುದನ್ನು ನಾನು ಹೇಳಬೇಕಾಗಿ ಬರಲಿಲ್ಲ, ಟೇಪು ಹೇಳಿತು. ಅವನೇ ಹದಿಮೂರೂವರೆಗೆ ಬಂದ, ನಾನು ಹದಿನಾಲ್ಕು ಎಂದೆ, ಅಲ್ಲಿಗೆ ನಿಂತಿತು. ಅವನ ಅಪ್ಪನ ಪ್ಯಾಂಟಿನ ಅಗಲ ಹದಿನೇಳು ಇಂಚು, ಅದನ್ನು ಮಾದರಿಯೆಂದು ಮುಂದಿಟ್ಟಿದ್ದರೆ ಮಾತು ಅಲ್ಲಿಯೇ ಮುರಿಯುತ್ತಿತ್ತು.

ತೊಡೆಯ ಭಾಗದ ಅಳತೆ ಇದಕ್ಕಿಂತ ಮುಖ್ಯವಾದದ್ದು. ಅಲ್ಲಿ ಬಿಗಿಯಾದರೆ ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತಾಗ ಹಿಂದಿನ ಹೊಲಿಗೆ ಬಿಚ್ಚಿಕೊಳ್ಳುತ್ತದೆ, ಸೈಕಲ್ ಪೆಡಲ್ ತುಳಿಯುವಾಗ ಮೊಣಕಾಲು ಎತ್ತಲು ಆಗುವುದಿಲ್ಲ. ಅವನು ಕೇಳಿದ ಬಿಗಿಗೇ ಮೊದಲು ಉದ್ದುದ್ದ ಕಚ್ಚಾ ಹೊಲಿಗೆ ಹಾಕಿಕೊಟ್ಟು, ಕೂತು, ಎದ್ದು, ಸೈಕಲ್ ಹತ್ತಿ ಓಣಿಯಲ್ಲಿ ಒಂದು ಸುತ್ತು ಹಾಕಿಕೊಂಡು ಬಾ ಎಂದು ಕಳಿಸಿದೆ. ಬಂದವನು ಪ್ಯಾಂಟು ಬಿಚ್ಚಿಕೊಟ್ಟು, "ಯವ್ವಾ, ತೊಡಿ ಕಡೆ ಎರಡ ಇಂಚ್ ಬಿಡು, ಕೆಳಗ ಮಾತ್ರ ಮುಟ್ಟಬ್ಯಾಡ" ಎಂದ. ಕಚ್ಚಾ ಹೊಲಿಗೆಯ ದಾರ ಎಳೆದು ಬಿಡಿಸುವುದು ಎರಡು ನಿಮಿಷದ ಕೆಲಸ. ಹೊಲಿಗೆ ಬಾರದ ತಂದೆ ತಾಯಂದಿರೂ ಇದನ್ನು ತಮ್ಮ ದರ್ಜಿಗೆ ಕೇಳಿ ಮಾಡಿಸಿಕೊಳ್ಳಬಹುದು, ಶಾಲೆ ತೆರೆಯುವ ವಾರದ ನೂಕುನುಗ್ಗಲಿಗೆ ಮುಂಚೆ ಹೋದರೆ ಯಾವ ದರ್ಜಿಯೂ ಬೇಡವೆನ್ನುವುದಿಲ್ಲ. ಮುಂದಿನ ವರ್ಷಕ್ಕೂ ಆಗಬೇಕೆಂಬ ತಾಯಂದಿರ ಆಸೆಗೆ ಇಡೀ ಬಟ್ಟೆಯನ್ನೇ ದೊಗಲೆಯಾಗಿ ಹೊಲಿಸಬೇಕಾಗಿಲ್ಲ. ಕೆಳಗಿನ ಮಡಿಕೆಯಲ್ಲಿ ಮೂರು ನಾಲ್ಕು ಇಂಚು, ಹಿಂಬದಿಯ ಸೊಂಟದ ಹೊಲಿಗೆಯೊಳಗೆ ಒಂದೂವರೆ ಇಂಚು ಬಟ್ಟೆ ಬಿಟ್ಟರೆ ವರ್ಷದ ನಡುವೆ ಬಿಡಿಸಿಕೊಡಬಹುದು. ಹುಡುಗನಿಗೆ ಇವತ್ತು ಸರಿಯಾಗಿ ಕೂರುವ ಪ್ಯಾಂಟೂ ಆಯಿತು, ತಾಯಿಗೆ ಹಣ ವ್ಯರ್ಥವಾಗಲಿಲ್ಲವೆಂಬ ಸಮಾಧಾನವೂ ಆಯಿತು.

ಕೂದಲಿನ ವಿಷಯ ನನ್ನ ಕೈಯೊಳಗಿನದಲ್ಲ, ಅದನ್ನು ಅವನ ಅಪ್ಪನಿಗೆ ಬಿಟ್ಟಿದ್ದೇನೆ. ಎರಡೂ ಬದಿ ಬೋಳಿಸಿ ನೆತ್ತಿಯ ಮೇಲಷ್ಟೇ ಕೂದಲು ಬಿಡುವ ಹೆಬ್ಬುಲಿ ಕಟಿಂಗ್ ನಮ್ಮ ಜಿಲ್ಲೆಯಲ್ಲಿ ಎಷ್ಟು ಹಬ್ಬಿತ್ತೆಂದರೆ, 2023ರಲ್ಲಿ ಕುಲಹಳ್ಳಿಯ ಸರ್ಕಾರಿ ಪ್ರೌಢಶಾಲೆಯ ಮುಖ್ಯೋಪಾಧ್ಯಾಯರು ವಿದ್ಯಾರ್ಥಿಗಳಿಗೆ ಆ ಕಟಿಂಗ್ ಮಾಡಬೇಡಿರೆಂದು ಕ್ಷೌರದಂಗಡಿಯವರಿಗೆ ಪತ್ರವನ್ನೇ ಬರೆದಿದ್ದರು. ನಮ್ಮ ಮನೆಯಲ್ಲಿ ಒಪ್ಪಂದ ಸರಳವಾಗಿದೆ: ಏಪ್ರಿಲ್ ಮತ್ತು ಮೇ ರಜೆಯಲ್ಲಿ ತಲೆ ಅವನದು, ಶಾಲೆ ಶುರುವಾಗುವ ವಾರದಿಂದ ಶಾಲೆಯದು.

ಮಗಳ ಉಡುಪಿನ ಬಗ್ಗೆ ಇಷ್ಟು ಸಲೀಸಾಗಿ ಬರೆಯಲಾರೆ. ಮಗ ಬಿಗಿ ಪ್ಯಾಂಟು ತೊಟ್ಟರೆ ಮನೆಯವರು ನಕ್ಕು ಸುಮ್ಮನಾಗುತ್ತಾರೆ, ಮಗಳ ಟಾಪ್ ಒಂದು ಇಂಚು ಗಿಡ್ಡವಾದರೆ ನೆರೆಮನೆಯವರಿಗೂ ಅಭಿಪ್ರಾಯವಿರುತ್ತದೆ. ಇಳಕಲ್ ಸೀರೆಯ ಸೆರಗನ್ನು ತಲೆಯಿಂದ ಜಾರಗೊಡದ ನಮ್ಮ ಅತ್ತೆ, "ವೇಲ್ ಸರಿ ಹೊದ್ಕೊ, ಬಾಳಾ" ಎಂದು ದಿನವೂ ಬಾಗಿಲಲ್ಲಿ ನಿಂತು ಹೇಳುತ್ತಿದ್ದರು. ಪ್ರೀತಿಯಿಂದಲೇ ಹೇಳುತ್ತಿದ್ದರು, ಆದರೆ ಹುಡುಗಿ ತಲೆ ತಗ್ಗಿಸಿಕೊಂಡೇ ಹೊರಡುತ್ತಿದ್ದಳು. ಅತ್ತೆಯವರಿಗೆ ನಾನು ಎದುರಾಡಲಿಲ್ಲ. ವೇಲನ್ನು ಎರಡೂ ಭುಜದ ಮೇಲೆ ಮಡಿಕೆ ಹಾಕಿ, ಒಳಗಿನಿಂದ ಟಿಚ್ ಗುಂಡಿ ಹೊಲಿದು ಕೂರಿಸಿಬಿಟ್ಟೆ. ಪಿನ್ನಿನಂತೆ ಅದು ಬಟ್ಟೆಯನ್ನು ಹರಿಯುವುದಿಲ್ಲ, ಕಬಡ್ಡಿ ಆಡುವಾಗ ತೆಗೆದಿಡಲೂ ಸುಲಭ. ವೇಲ್ ಜಾರುವುದು ನಿಂತಿತು, ಬಾಗಿಲಲ್ಲಿನ ಮಾತೂ ನಿಂತಿತು. ಟಾಪಿನ ಪಕ್ಕದ ಸೀಳು ಎಲ್ಲಿಂದ ಶುರುವಾಗಬೇಕೆಂಬುದನ್ನು ಮಗಳೇ ಸೈಕಲ್ ಮೇಲೆ ಕೂತು ಗುರುತು ಮಾಡಿದಳು. ಅವಳು ಮಾಡಿದ ಗುರುತು ನನ್ನ ಮನಸ್ಸಿನಲ್ಲಿದ್ದದ್ದಕ್ಕಿಂತ ಕೆಳಗೇ ಇತ್ತು.

ಅವಳಿಗೆ ನಿಜವಾಗಿ ಕಷ್ಟವಾಗಿದ್ದದ್ದು ಶನಿವಾರದ ಬಿಳಿ ಉಡುಪು. ಬೆಳಗಿನ ಶಾಲೆ, ಮೈದಾನದಲ್ಲಿ ಕವಾಯತು, ಬೆವರು, ಅದರ ಮೇಲೆ ಮುಟ್ಟಿನ ದಿನಗಳು. ಎಂಟನೆಯ ತರಗತಿಗೆ ಬಂದ ಮೇಲೆ ಅವಳು ಕೆಲವು ಶನಿವಾರ ಹೊಟ್ಟೆನೋವೆಂದು ಮನೆಯಲ್ಲಿ ಉಳಿಯತೊಡಗಿದಾಗ, ನೋವಿಗಿಂತ ಕಲೆಯ ಭಯವೇ ದೊಡ್ಡದೆಂದು ನನಗೆ ತಿಳಿಯಿತು. ಬಿಳಿ ಪ್ಯಾಂಟಿಗೆ ಸೊಂಟದಿಂದ ಮೊಣಕಾಲಿನವರೆಗೆ ತೆಳು ಹತ್ತಿಯ ಅಸ್ತರ್ ಕೊಟ್ಟೆ. ಹತ್ತಿ ಬಟ್ಟೆಯನ್ನು ಮೊದಲೇ ಒಂದು ರಾತ್ರಿ ನೀರಲ್ಲಿ ನೆನೆಸಿ ಒಣಗಿಸಿ ಆಮೇಲೆ ಕತ್ತರಿಸಬೇಕು, ಇಲ್ಲದಿದ್ದರೆ ಮೊದಲ ಒಗೆತಕ್ಕೇ ಅಸ್ತರ್ ಕುಗ್ಗಿ ಮೇಲಿನ ಬಟ್ಟೆ ಸುಕ್ಕುಗಟ್ಟುತ್ತದೆ. ಟಾಪಿನ ಒಳಗೆ ಬಿಳಿ ಶಮೀಜಿನ ಬದಲು ಮೈಬಣ್ಣದ ಶಮೀಜು ಹಾಕಿದರೆ ಹೊರಗೆ ಕಾಣುವುದಿಲ್ಲ ಎಂಬುದು ದರ್ಜಿಗಳಿಗೆಲ್ಲ ಗೊತ್ತಿರುವ ಸಂಗತಿ, ತಾಯಂದಿರಲ್ಲಿ ಹೆಚ್ಚಿನವರು ಬಿಳಿಯದನ್ನೇ ಕೊಳ್ಳುತ್ತಾರೆ.

ಇಷ್ಟಾದರೂ ಅದು ನನ್ನ ಮಗಳೊಬ್ಬಳ ಕಷ್ಟವಾಗಿರಲಿಲ್ಲವಾದ್ದರಿಂದ ಪಾಲಕರ ಸಭೆಯಲ್ಲಿ ನಾವು ಕೆಲವು ತಾಯಂದಿರು ಕೂಡಿ ಮಾತು ತೆಗೆದೆವು. ಸಮವಸ್ತ್ರವನ್ನು ನಡುವೆ ಬದಲಿಸಲು ಬರುವುದಿಲ್ಲ ಎಂದು ಶಾಲೆಯವರು ಹೇಳಿದರು, ಮತ್ತು ಅವರು ಹೇಳಿದ್ದು ಸರಿಯಾಗಿತ್ತು. 1995ರ ಕರ್ನಾಟಕ ಶಿಕ್ಷಣ ಸಂಸ್ಥೆಗಳ ನಿಯಮಗಳಲ್ಲಿ 11ನೆಯ ನಿಯಮದ ಪ್ರಕಾರ ಶಾಲೆಯೊಂದು ಗೊತ್ತುಪಡಿಸಿದ ಸಮವಸ್ತ್ರವನ್ನು 5 ವರ್ಷ ಬದಲಿಸುವಂತಿಲ್ಲ, ಬದಲಿಸುವುದಿದ್ದರೆ 1 ವರ್ಷ ಮುಂಚೆ ಪಾಲಕರಿಗೆ ತಿಳಿಸಬೇಕು. ವರ್ಷವರ್ಷವೂ ಹೊಸ ಬಟ್ಟೆ ಕೊಳ್ಳುವ ಹೊರೆ ಪಾಲಕರ ಮೇಲೆ ಬೀಳದಂತೆ ತಡೆಯುವ ನಿಯಮ ಅದು, ನಾನು ಅದರ ಪರವಾಗಿಯೇ ಇದ್ದೇನೆ. ಆದರೆ ವಾರದ ಉಳಿದ ದಿನಗಳ ನೀಲಿ ಪ್ಯಾಂಟೂ ಅದೇ ಶಾಲೆ ಗೊತ್ತುಪಡಿಸಿದ ಸಮವಸ್ತ್ರವೇ ಆಗಿದೆ. ಬೇಕೆನ್ನುವ ಹುಡುಗಿಯರು ಶನಿವಾರವೂ ಅದನ್ನೇ ತೊಟ್ಟು ಬರಲಿ, ಕಾರಣ ಕೇಳುವುದು ಬೇಡ, ಯಾರೂ ಹೊಸದೇನನ್ನೂ ಕೊಳ್ಳಬೇಕಾಗಿಲ್ಲ ಎಂದು ಕೇಳಿಕೊಂಡೆವು. ದೈಹಿಕ ಶಿಕ್ಷಕರಿಗೆ ಸಾಲಿನಲ್ಲಿ ಬಿಳಿ ಮತ್ತು ನೀಲಿ ಬೆರೆತು ಕಾಣುವುದು ಅಷ್ಟಾಗಿ ಹಿಡಿಸಲಿಲ್ಲ. ಹಿರಿಯ ಶಿಕ್ಷಕಿಯೊಬ್ಬರು ನಮ್ಮ ಪರವಾಗಿ ನಿಂತದ್ದರಿಂದ ಮಾತು ನಡೆಯಿತು. ಮೊದಮೊದಲು ನೀಲಿ ತೊಟ್ಟು ಹೋಗಲು ಹುಡುಗಿಯರೇ ಹಿಂಜರಿದರು, ತೊಟ್ಟವರಿಗೆ ಇವತ್ತು ಮುಟ್ಟು ಎಂದು ಎಲ್ಲರಿಗೂ ತಿಳಿಯುತ್ತದಲ್ಲ ಎಂಬುದು ಅವರ ಸಂಕೋಚ. ಕೊನೆಗೆ ಮಗಳ ಗೆಳತಿಯರ ಗುಂಪು ಎಲ್ಲ ಶನಿವಾರವೂ ನೀಲಿಯನ್ನೇ ತೊಡುವುದೆಂದು ತಮ್ಮಲ್ಲೇ ಮಾತಾಡಿಕೊಂಡಿತು. ಆ ಉಪಾಯ ನಮ್ಮಲ್ಲಿ ಯಾವ ದೊಡ್ಡವರಿಗೂ ಹೊಳೆದಿರಲಿಲ್ಲ.

ಬಣ್ಣದ ಬಟ್ಟೆ ತೊಡುವ ದಿನಗಳು ಬೇರೆಯೇ ತಲೆನೋವು. ಶಾಲೆಯ ಗ್ಯಾದರಿಂಗಿಗೆ ಮಗಳು ಜೀನ್ಸ್ ಬೇಕೆಂದಳು, ಅತ್ತೆ ಲಂಗ ಹೊಲಿ ಎಂದರು. ನನ್ನ ಪೆಟ್ಟಿಗೆಯಲ್ಲಿ ಗುಳೇದಗುಡ್ಡದ ಖಣದ, ಅಂದರೆ ಕುಪ್ಪಸಕ್ಕೆಂದು ನೇಯುವ ದಡಿಯ ಬಟ್ಟೆಯ, ತುಂಡೊಂದು ಇತ್ತು. ಅದನ್ನು ತೋಳಿಲ್ಲದ ಜಾಕೀಟು ಮಾಡಿ ಬಿಳಿ ಕುರ್ತಾದ ಮೇಲೆ, ಜೀನ್ಸಿನ ಜೊತೆಗೆ ತೊಡಿಸಿದೆ. ಖಣದ ಅಗಲ ಕಡಿಮೆ, ಬೆನ್ನಿಗೆ ಜೋಡು ಹಾಕಲೇಬೇಕಾಗುತ್ತದೆ, ದಡಿಯನ್ನು ಆ ಜೋಡಿನ ಮೇಲೆಯೇ ಉದ್ದಕ್ಕೆ ಕೂರಿಸಿದರೆ ಜೋಡು ಕಾಣುವುದಿಲ್ಲ. ಅತ್ತೆ ಜೀನ್ಸನ್ನು ನೋಡದಂತೆ ಜಾಕೀಟನ್ನಷ್ಟೇ ಮುಟ್ಟಿ ನೋಡಿ ಹೊಲಿಗೆ ಚೆನ್ನಾಗಿ ಬಂದಿದೆ ಎಂದರು. ಆಮೇಲೆ ಅವಳ ಗೆಳತಿಯರು ತಮ್ಮ ಮನೆಯ ಹಳೆಯ ಖಣಗಳನ್ನು ತಂದು ಕೊಟ್ಟಿದ್ದಾರೆ, ದೀಪಾವಳಿಯ ಕೆಲಸ ಮುಗಿಯುವವರೆಗೆ ಅವುಗಳಿಗೆ ಕೈ ಹಾಕಲು ನನಗೆ ಪುರಸೊತ್ತಿಲ್ಲ.

ಮಗ ಬರುವ ವರ್ಷ ಪಿಯುಸಿಗೆ ಹೋಗುತ್ತಾನೆ. ಸೇರಬೇಕೆಂದಿರುವ ಕಾಲೇಜಿನಲ್ಲಿ ಸಮವಸ್ತ್ರದ ಪ್ಯಾಂಟನ್ನು ಹೊಲಿಸುವಂತಿಲ್ಲ, ರೆಡಿಮೇಡ್ ತೆಗೆದುಕೊಳ್ಳಬೇಕಂತೆ. ಪ್ಯಾಂಟು ಕೈಗೆ ಬಂದ ದಿನವೇ ಒಳಗೆ ಎಷ್ಟು ಬಟ್ಟೆ ಬಿಟ್ಟಿದ್ದಾರೆಂದು ಹೊಲಿಗೆ ಬಿಚ್ಚಿ ನೋಡುವುದೆಂದು ಅವನೂ ನಾನೂ ಈಗಲೇ ಒಪ್ಪಿಕೊಂಡಿದ್ದೇವೆ.