ಚರ್ಚ್ ಕಟ್ಟಿದ ಶಿಕ್ಷಕರ ತರಬೇತಿ ಕಾಲೇಜಿನ ಚರಿತ್ರೆ ಬರೆಯುವ ಬಗೆ

ಇಂಗ್ಲೆಂಡಿನ ಹಳೆಯ ಚರ್ಚ್ ಕಾಲೇಜೊಂದರ ಚರಿತ್ರೆ ಬರೆಯಲು ಕೂತವರು ಮೊದಲು ಕೈಹಾಕುವುದು ಶತಮಾನೋತ್ಸವದ ಸ್ಮರಣ ಸಂಚಿಕೆಗೆ. ಅದನ್ನು ಕೊನೆಗೆ ಓದಿ. ಬಿಷಪ್ಪರ ಭಾವಚಿತ್ರ, ಪ್ರಾಂಶುಪಾಲರ ಗುಣಗಾನ ಅದರಲ್ಲಿ ಧಾರಾಳವಾಗಿ ಸಿಗುತ್ತವೆ. ಸಂಬಳಕ್ಕೆ ಹಣ ಎಲ್ಲಿಂದ ಬಂತು ಎನ್ನುವುದು ಸಿಗುವುದು ಅಪರೂಪ. ಚರ್ಚಿಗೂ ಸರ್ಕಾರಕ್ಕೂ ನಡೆದ ಹಗ್ಗಜಗ್ಗಾಟವೇ ಈ ಕಾಲೇಜುಗಳ ಕಥೆ. ಅದು ಜಮಾಖರ್ಚಿನ ಪುಸ್ತಕದಲ್ಲಿದೆ.

ಕಾಲೇಜು ಯಾವ ಪಂಗಡದ್ದು ಎಂದು ಮೊದಲು ಗೊತ್ತುಮಾಡಿಕೊಳ್ಳಿ, ಏಕೆಂದರೆ ಕಾಗದಪತ್ರ ಇರುವ ಜಾಗ ಅದರ ಮೇಲೆ ನಿಂತಿದೆ. ಆಂಗ್ಲಿಕನ್ (ಚರ್ಚ್ ಆಫ್ ಇಂಗ್ಲೆಂಡಿನ) ಕಾಲೇಜಾದರೆ, ಚರ್ಚ್ ಶಾಲೆಗಳಿಗಾಗಿ 1811ರಲ್ಲಿ ಹುಟ್ಟಿದ ನ್ಯಾಷನಲ್ ಸೊಸೈಟಿಯ ಕಡತಗಳನ್ನು ಲಂಡನ್ನಿನ ಲ್ಯಾಂಬೆತ್ ಪ್ಯಾಲೇಸ್ ಲೈಬ್ರರಿಯಲ್ಲಿ ಕೇಳಿ. ಧರ್ಮಪ್ರಾಂತ್ಯದ ಪತ್ರಗಳು ಹೆಚ್ಚಾಗಿ ಆಯಾ ಕೌಂಟಿಯ ದಾಖಲೆ ಕಚೇರಿಯಲ್ಲಿರುತ್ತವೆ. 1850ರ ಸೇಂಟ್ ಮೇರೀಸ್ ಕಾಲೇಜು ಕ್ಯಾಥೊಲಿಕರದು, 1851ರ ವೆಸ್ಟ್‌ಮಿನ್‌ಸ್ಟರ್ ಕಾಲೇಜು ಮೆಥಡಿಸ್ಟರದು. ಅವಕ್ಕೆ ಬೇರೆ ಬಾಗಿಲು ತಟ್ಟಬೇಕು. ಸರ್ಕಾರದ ಕಡೆಯ ಕಡತಗಳು ಲಂಡನ್ನಿನ ಕ್ಯೂ ಪ್ರದೇಶದ ನ್ಯಾಷನಲ್ ಆರ್ಕೈವ್ಸ್‌ನಲ್ಲಿ 'ಇಡಿ' (ED) ಅಕ್ಷರದ ಸರಣಿಗಳಲ್ಲಿವೆ.

ಸ್ಥಾಪನೆಗೆ ಒಂದೇ ಇಸವಿ ಬರೆದು ಮುಗಿಸಬೇಡಿ. ಸಮಿತಿಯ ಠರಾವು, ಮೊದಲ ತಂಡದ ಪ್ರವೇಶ, ಸ್ವಂತ ಕಟ್ಟಡ, ಮೊದಲ ಸರ್ಕಾರಿ ಅನುದಾನ, ಈ ನಾಲ್ಕನ್ನೂ ಬೇರೆಬೇರೆ ಗುರುತಿಸಿ. ಚೆಸ್ಟರ್ ಕಾಲೇಜು ಹುಟ್ಟಿದ್ದು 1839ರಲ್ಲಿ, ಕಟ್ಟಡ ತೆರೆದದ್ದು 1842ರಲ್ಲಿ. ಲಂಡನ್ನಿನ ಬ್ಯಾಟರ್ಸೀ ಕಾಲೇಜು ಇನ್ನೂ ತೊಡಕಿನದು: 1840ರಲ್ಲಿ ಅದನ್ನು ಶುರುಮಾಡಿದವರು ಸರ್ಕಾರದ ಶಿಕ್ಷಣ ಸಮಿತಿಯ ಕಾರ್ಯದರ್ಶಿ ಜೇಮ್ಸ್ ಕೇ, ನ್ಯಾಷನಲ್ ಸೊಸೈಟಿಯ ಕೈಗೆ ಬಂದದ್ದು 1843ರಲ್ಲಿ. ಆಮೇಲೆ 1923ರಲ್ಲಿ ಚೆಲ್ಸಿಯ ಸೇಂಟ್ ಮಾರ್ಕ್ಸ್ ಜೊತೆ ವಿಲೀನ, 1973ರಲ್ಲಿ ಪ್ಲಿಮತ್‌ಗೆ ಸ್ಥಳಾಂತರ. ಇಂಥ ಕಾಲೇಜಿಗೆ ವಂಶವೃಕ್ಷದ ಹಾಗೆ ಒಂದು ನಕ್ಷೆಯನ್ನೇ ಬರೆದಿಟ್ಟುಕೊಳ್ಳಿ, ಇಲ್ಲವಾದರೆ ಒಂದರ ರಿಜಿಸ್ಟರ್ ಇನ್ನೊಂದರ ಲೆಕ್ಕಕ್ಕೆ ಸೇರಿಬಿಡುತ್ತದೆ.

ಇನ್ನು ಹಣ. ವರ್ಷಕ್ಕೊಂದು ಸಾಲು, ಮೂರು ಕಾಲಂ: ಚಂದಾ ಮತ್ತು ದತ್ತಿ, ವಿದ್ಯಾರ್ಥಿಗಳ ಶುಲ್ಕ, ಸರ್ಕಾರದ ಅನುದಾನ. ಕಟ್ಟಡದ ಅನುದಾನವನ್ನು ಇದರಲ್ಲಿ ಬೆರೆಸಬೇಡಿ. ಬೆರೆಸಿದರೆ ಆ ಒಂದು ವರ್ಷ ಸರ್ಕಾರ ಉದಾರಿಯಾಗಿ ಕಾಣುತ್ತದೆ. 1971ರವರೆಗೆ ಪೌಂಡಿಗೆ 20 ಶಿಲ್ಲಿಂಗ್, ಶಿಲ್ಲಿಂಗಿಗೆ 12 ಪೆನ್ಸ್ ಇತ್ತು. 45 ಪೌಂಡ್ 10 ಶಿಲ್ಲಿಂಗ್ ಎಂದರೆ 45.5, ಸ್ಪ್ರೆಡ್‌ಶೀಟಿನಲ್ಲಿ 45.10 ಎಂದು ತುಂಬಿದರೆ ಇಡೀ ಕಾಲಂ ಕೆಡುತ್ತದೆ.

ತುಂಬಿದ ಮೇಲೆ 1846 ಮತ್ತು 1862ರ ಆಸುಪಾಸು ನೋಡಿ. 1846ರ ಸರ್ಕಾರಿ ನಿಯಮದಂತೆ 13ರ ವಯಸ್ಸಿಗೆ ಶಾಲೆಯಲ್ಲೇ 'ಪ್ಯೂಪಿಲ್ ಟೀಚರ್' ಆಗಿ ಸೇರಿದವರು ಐದು ವರ್ಷ ಕಲಿಸುತ್ತ ಕಲಿತು, ಪರೀಕ್ಷೆಯಲ್ಲಿ ಗೆದ್ದರೆ 'ಕ್ವೀನ್ಸ್ ಸ್ಕಾಲರ್‌ಶಿಪ್' ಹಿಡಿದು ಕಾಲೇಜಿಗೆ ಬರುತ್ತಿದ್ದರು. ಅಂಥವರು ಹೆಚ್ಚಿದಂತೆ ಕಾಲೇಜು ಚಂದಾದಾರರಿಗಿಂತ ಸರ್ಕಾರದ ಮೇಲೆ ಹೆಚ್ಚು ಆತುಕೊಂಡಿತು. 1862ರ ಪರಿಷ್ಕೃತ ಸಂಹಿತೆ (ಅನುದಾನದ ಹೊಸ ಸರ್ಕಾರಿ ನಿಯಮಾವಳಿ) ಖರ್ಚಿಗೆ ಕತ್ತರಿ ಹಾಕಿತು. ಆ ವರ್ಷಗಳ ನಡಾವಳಿ ಪುಸ್ತಕವನ್ನು ಸಾಲು ಬಿಡದೆ ಓದಿ. ಯಾವ ಅಧ್ಯಾಪಕರನ್ನು ಬಿಡುವುದು ಎಂಬಂಥ ಚರ್ಚೆಗಳಿಗೆ ಅಲ್ಲೇ ಹುಡುಕಬೇಕು.

ದಾಖಲಾತಿ ರಿಜಿಸ್ಟರಿನಲ್ಲಿ ಸೇರಿದವರನ್ನೂ ಮುಗಿಸಿದವರನ್ನೂ ಪ್ರತ್ಯೇಕ ಎಣಿಸಿ. 1850ರ ದಶಕದಲ್ಲಿ ಒಂದೇ ವರ್ಷಕ್ಕೆ ಹೊರಟವರು ಬಹಳ. ಆಗ ಪ್ರಮಾಣಪತ್ರದ ಪರೀಕ್ಷೆ ಕ್ರಿಸ್ಮಸ್ ಹೊತ್ತಿಗೆ ನಡೆಯುತ್ತಿದ್ದುದರಿಂದ '1866–67' ಎಂದರೆ ಎರಡು ಪೂರ್ತಿ ವರ್ಷ ಇರಬಹುದು; ಇವತ್ತಿನ ಶೈಕ್ಷಣಿಕ ವರ್ಷವೆಂದುಕೊಂಡರೆ ತಂಡಗಳು ದುಪ್ಪಟ್ಟಾಗುತ್ತವೆ. ಅನುಮಾನ ಬಂದಲ್ಲಿ 1881ರ ಜನಗಣತಿಯ ಹಾಳೆ ನೋಡಿ. ಆ ರಾತ್ರಿ ಹಾಸ್ಟೆಲಿನಲ್ಲಿ ಮಲಗಿದ್ದವರ ಹೆಸರು, ವಯಸ್ಸು, ಹುಟ್ಟೂರು ಅದರಲ್ಲಿವೆ.

ಕಾಲೇಜಿಗೆ ಅಂಟಿಕೊಂಡಿದ್ದ, ವಿದ್ಯಾರ್ಥಿಗಳು ಪಾಠ ಹೇಳಿ ಪಳಗುತ್ತಿದ್ದ ಅಭ್ಯಾಸಶಾಲೆಯನ್ನು ಬಹುತೇಕರು ಮರೆಯುತ್ತಾರೆ. 1862ರ ಸಂಹಿತೆಯ ನಂತರ ಮುಖ್ಯೋಪಾಧ್ಯಾಯರು ಲಾಗ್ ಬುಕ್ (ಶಾಲೆಯ ದಿನಚರಿ) ಬರೆಯುವುದು ಕಡ್ಡಾಯವಾಯಿತು. ಅದಕ್ಕೂ ಹಿಂದಿನದನ್ನು ಹುಡುಕಿ ದಿನ ಕಳೆಯಬೇಡಿ. ವಿದ್ಯಾರ್ಥಿಯ ಪಾಠ ಹೇಗೆ ನಡೆಯಿತು, ಯಾರು ಹಾಜರಿರಲಿಲ್ಲ ಎಂಬಂಥ ವಿವರಕ್ಕೆ ಇದಕ್ಕಿಂತ ಒಳ್ಳೆಯ ಆಕರವಿಲ್ಲ.

ಇಪ್ಪತ್ತನೇ ಶತಮಾನಕ್ಕೆ 1960ರ ಮೂರು ವರ್ಷದ ಕೋರ್ಸ್, ಉನ್ನತ ಶಿಕ್ಷಣದ ಬಗ್ಗೆ 1963ರ ರಾಬಿನ್ಸ್ ವರದಿ, ಶಿಕ್ಷಕರ ತರಬೇತಿಯ ಬಗ್ಗೆ 1972ರ ಜೇಮ್ಸ್ ವರದಿ ಮತ್ತು ಅದೇ ವರ್ಷದ ಸರ್ಕಾರಿ ಶ್ವೇತಪತ್ರ, ಈ ಮೆಟ್ಟಿಲುಗಳು ಸಾಕು. ಜನನ ಪ್ರಮಾಣ ಕುಸಿದು ಶಿಕ್ಷಕರ ಬೇಡಿಕೆ ಇಳಿದಾಗ ಎಷ್ಟೋ ಕಾಲೇಜುಗಳು ಮುಚ್ಚಿದವು, ಕೆಲವು ವಿಲೀನವಾದವು. ವಿಲೀನವಾಗಿದ್ದರೆ ಕಡತಗಳನ್ನು ಉತ್ತರಾಧಿಕಾರಿ ವಿಶ್ವವಿದ್ಯಾಲಯದಲ್ಲಿ ಕೇಳಿ. ಮುಚ್ಚಿದ್ದರೆ ಆಸ್ತಿ ಮಾರಿದ ಹಣ ಯಾವ ಟ್ರಸ್ಟಿಗೆ ಹೋಯಿತು ಎಂದು ಹುಡುಕಿ. ಕೊನೆಯ ನಡಾವಳಿ ಪುಸ್ತಕಗಳ ಸುಳಿವು ಅಲ್ಲಿ ಸಿಗಬಹುದು. ಬದುಕಿರುವವರ ಅಂಕಗಳನ್ನಾಗಲಿ ಶಿಸ್ತುಕ್ರಮದ ವಿವರವನ್ನಾಗಲಿ ಅಚ್ಚುಹಾಕಬೇಡಿ.