ಎದುರಾಳಿಯ ಕಂದಕದಲ್ಲಿ ಕೂತು ಬರೆದ ವಾಗಣಗೇರಾ ಕಾದಂಬರಿ: ನನ್ನ ಅನುಭವ

ವಾಗಣಗೇರಾ ಕೋಟೆಯ ಕಥೆ ಅಂದರೆ ಗುಡ್ಡದ ಮೇಲಿನವರು ನಮ್ಮವರು, ಕೆಳಗಿನವರು ಶತ್ರುಗಳು. ಈ ಗೆರೆ ಅಳಿಸಿದರೆ ಸುರಪುರದ ಕಡೆ ಒಂದು ಪ್ರತಿಯೂ ಹೋಗಲ್ಲ ಅಂತ ಕಲಬುರಗಿಯ ಗೆಳೆಯರು ಹೇಳಿದ್ದರು. 500 ಪ್ರತಿ ಹಾಕಿಸಿದ್ದೆ. ಈಗ ಅಟ್ಟದ ಮೇಲೆ ಮೂವತ್ತೋ ನಲವತ್ತೋ ಉಳಿದಿವೆ. ಜಾಸ್ತಿ ಹೋಗಿದ್ದು ಸುರಪುರಕ್ಕೇ!

1705ರಲ್ಲಿ ಮೊಘಲ ಬಾದಶಹ ಔರಂಗಜೇಬ ಸುರಪುರದ ಹತ್ತಿರದ ಈ ಕೋಟೆಗೆ ಮುತ್ತಿಗೆ ಹಾಕಿದ, ಒಳಗಿದ್ದು ಕಾದಿದವನು ಬೇಡರ ದೊರೆ ಪಿಡ್ಡ ನಾಯಕ. ಮೊದಲ ಕರಡಿನಲ್ಲಿ ಪಿಡ್ಡ ನಾಯಕ ಸುಳ್ಳೇ ಆಡುತ್ತಿರಲಿಲ್ಲ, ಔರಂಗಜೇಬ ಪುಟಕ್ಕೊಮ್ಮೆ ಹಲ್ಲು ಕಡಿಯುತ್ತಿದ್ದ. ಆಗ ಬಾದಶಹನಿಗೆ 86 ವರ್ಷ, ಹಲ್ಲೆಷ್ಟು ಉಳಿದಿದ್ದವೋ! ಪ್ರಕಾಶಕರೊಬ್ಬರು ‘ಜಯಂತಿ ಭಾಷಣ ಇದ್ದಂಗಿದೆ’ ಅಂತ ವಾಪಸ್ ಕಳಿಸಿದರು. ಆಮೇಲೆ ಒಬ್ಬ ಕೆಟ್ಟ ಮೊಘಲನಿಗೆ ಒಬ್ಬ ಒಳ್ಳೆ ಮೊಘಲ ಅಂತ ತಕ್ಕಡಿ ಹಿಡಿದು ಬರೆದೆ. ಅದು ಇನ್ನೂ ಸಪ್ಪೆ. ಡಿಟಿಪಿಗೆ ಕೊಟ್ಟ ಏಳೆಂಟು ಸಾವಿರ ಸುಮ್ನೆ ಹೋಯ್ತು.

ಕೊನೆಗೆ ಕೈಹಿಡಿದ ದಾರಿ ಇಷ್ಟೇ. ಪ್ರತಿ ಕಾಳಗವನ್ನೂ ಮೊದಲು ಎದುರಿನವನ ಕಂದಕದಲ್ಲಿ ಕೂತು ಪೂರ್ತಿ ಬರೆಯುವುದು. ಆಮೇಲೆ ಗುಡ್ಡ ಹತ್ತಿ ಅದನ್ನೇ ಮತ್ತೆ ಬರೆಯುವುದು. ಯಾರಿಗೆ ಏನು ಕಾಣುತ್ತೋ ಅಷ್ಟೇ. ಕೋಟೆ ಹತ್ತಿರದ ಲಾಲ್ ಟಿಕ್ರಿ ಗುಡ್ಡ ಮೊಘಲರಿಗೆ ಸಿಕ್ಕಿಯೂ ಕೈತಪ್ಪಿತು, ಅಲ್ಲಿ ನನ್ನ ಮೊಘಲ ತೋಪಿನ ಆಳಿಗೆ ಕಾಣುವುದು ಮೇಲಿನ ಹೊಗೆ, ಪಕ್ಕದವನ ರಕ್ತ, ಖಾಲಿಯಾದ ನೀರಿನ ಚೀಲ. ಮೇಲಿನ ಬಂದೂಕಿನವನಿಗೆ ಕಾಣುವುದು ಬಾಗಿದ ಬೆನ್ನುಗಳು. ಕ್ರೂರಿ, ದ್ರೋಹಿ ಅನ್ನೋಕೆ ಇಬ್ಬರಿಗೂ ಪುರಸೊತ್ತಿಲ್ಲ.

ಧರ್ಮದ ಗೆರೆಯೂ ಇಲ್ಲಿ ನಿಲ್ಲುವುದಿಲ್ಲ. ಬಾದಶಹನ ಕಡೆ ಹಿಂದೂ ಸರದಾರ ದಳಪತ ರಾವ್ ಬುಂದೇಲ ಇದ್ದ. ನಾಯಕನ ನೆರವಿಗೆ ಬಂದ ಮರಾಠಾ ಸೇನಾಪತಿ ಧನಾಜಿ ಜಾಧವನ ಕಡೆಯವರ ಹೆಂಡಿರು ಮಕ್ಕಳು ಕೋಟೆಯೊಳಗಿದ್ದರು. ಅವರನ್ನು ಹೊರಗೆ ಸಾಗಿಸಿದ ಮೇಲೂ ಮರಾಠರು ನಿಲ್ಲಲಿ ಅಂತ ನಾಯಕ ದಿನದ ಲೆಕ್ಕದಲ್ಲಿ ದುಡ್ಡು ಕೊಟ್ಟ. ಈ ದುಡ್ಡಿನ ಮಾತು ತೆಗೆಯಿರಿ ಅಂದವರು ಬಹಳ. ತೆಗೆಯಲಿಲ್ಲ. ಓದುಗರು ಹೆಚ್ಚು ಮೆಚ್ಚಿದ್ದು ಆ ಅಧ್ಯಾಯವನ್ನೇ.

ನಡುವೆ ಬ್ರಿಟಿಷರ ಜೊತೆ ನಡೆದ 1858ರ ಸುರಪುರದ ಕಾಳಗವನ್ನೂ ಹೀಗೇ ಬರೆದು ನೋಡಿದೆ. ಅಲ್ಲಿ ಸತ್ತ ಬ್ರಿಟಿಷ್ ಕ್ಯಾಪ್ಟನ್ ನ್ಯೂಬೆರಿಯ ಕುದುರೆ ನೋಡಿಕೊಳ್ಳೋಕೆ ಕಲ್ಪನೆಯಲ್ಲಿ ಒಬ್ಬ ಹುಡುಗನನ್ನು ಹುಟ್ಟಿಸಿ, ಅವನ ಬಾಯಲ್ಲಿ ಹೇಳಿಸಿದೆ. ಸಣ್ಣ ಕಥೆಗೆ ಸಾಕಾಯ್ತು, ಹಿಗ್ಗಲಿಲ್ಲ.

ಯಾವ ಅಧ್ಯಾಯವನ್ನು ಯಾವ ಕಡೆಯಿಂದ ಶುರು ಮಾಡಬೇಕು ಅನ್ನೋದಕ್ಕೆ ನನ್ನದೊಂದು ಲೆಕ್ಕ ಇದೆ. ಅದನ್ನು ಇಲ್ಲಿ ಹೇಳಲ್ಲ, ಎರಡನೇ ಕಾದಂಬರಿ ಬಾಕಿ ಇದೆ. ಕೊನೆಯನ್ನಂತೂ ಇತಿಹಾಸವೇ ಕೊಟ್ಟಿತ್ತು: ನಾಯಕ ರಾತ್ರಿ ಜಾರಿಕೊಂಡ, ಮೊಘಲರಿಗೆ ಸಿಕ್ಕಿದ್ದು ಉರಿಯುವ ಕೋಟೆ. ಹಾಗಾದರೆ ಗೆದ್ದವರು ಯಾರು ಅಂತ ಓದುಗರು ಫೋನ್ ಮಾಡಿ ಜಗಳ ಆಡುತ್ತಾರೆ.

ಹಾಕಿದ್ದು 50 ಸಾವಿರದ ಹತ್ತಿರ. ಅದು ಬಂದು, ಮೇಲೆ ಐದಾರು ಸಾವಿರ ಉಳಿದಿದೆ. ಪ್ರೆಸ್‌ನವರು ಈಗಿನ ಕಾಗದದ ರೇಟು ಹೇಳಿದ ಮೇಲೆ, ಎರಡನೇ ಮುದ್ರಣಕ್ಕೆ 300 ಸಾಕು ಅನಿಸಿದೆ.